ದೇವರಾಯನದುರ್ಗ: ಬೆಟ್ಟದ ಬುಡದಲ್ಲೂ ಒಂದು ಲೋಕ

ತುಮಕೂರಿನ ಪಕ್ಕದ ದೇವರಾಯನದುರ್ಗಕ್ಕೆ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಹೆಚ್ಚಿನವರು ಕಾರಿನಲ್ಲೇ ಮೇಲೆ ಹೋಗಿ, ಯೋಗಾನರಸಿಂಹನಿಗೆ ಕೈಮುಗಿದು, ಫೋಟೊ ತೆಗೆದು ಇಳಿದುಬಿಡುತ್ತಾರೆ. ನೀವು ತಪ್ಪಲಲ್ಲಿ ನಿಲ್ಲಿ.

ನಾಮದ ಚಿಲುಮೆಯಿಂದ ಶುರು ಮಾಡಿ. ಬಂಡೆಯೊಳಗಿಂದ ನೀರು ಉಕ್ಕುವ ಜಾಗ ಇದು. ರಾಮ ಬಾಣ ಹೊಡೆದು ತರಿಸಿದ ನೀರು ಅನ್ನುವುದು ಇಲ್ಲಿಯವರ ನಂಬಿಕೆ. ಈ ಬೆಟ್ಟಸಾಲಿಗೆ ನೀರಿನ ಋಣ ದೊಡ್ಡದು. ಇಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಇಲ್ಲೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ತಿರುಗಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಒಂದೇ ಬೆಟ್ಟದ ಮಳೆ, ಎರಡು ದಿಕ್ಕಿನ ಊರುಗಳ ಪಾಲು!

ಈಗ ಬಂಡೆಗಳ ನಡುವಿನ ಕುರುಚಲಿನತ್ತ ನೋಡಿ, ಸದ್ದು ಮಾಡಬೇಡಿ. ಬೂದು ಮೈ, ಹಳದಿ ತಲೆ, ಹಳದಿ ಗಂಟಲು. ಅದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಕ್ಕೆ ನೆಲೆಯಿಲ್ಲ. ಕಲ್ಲುಗಣಿ ಬಂದು ಬೆಟ್ಟ ಕರಗಿದರೆ ಹಕ್ಕಿಯೂ ಹೋಯಿತು. ನನಗಂತೂ ಹುಲಿ ಕಂಡಷ್ಟೇ ಸಂಭ್ರಮ ಈ ಹಕ್ಕಿ ಕಂಡರೆ.

ಚಿರತೆ, ಕರಡಿ ಇರುವ ಕಾಡು ಇದು. ಕರಡಿ ಸಂಜೆಯಿಂದ ಬೆಳಗಿನವರೆಗೆ ಓಡಾಡುತ್ತದೆ. ಹಾಗಾಗಿ ಚೆನ್ನಾಗಿ ಬೆಳಕಾದ ಮೇಲೆ ಹೊರಡಿ, ಕತ್ತಲಾಗುವ ಮುಂಚೆ ಬನ್ನಿ. ದಾರಿ ಬಿಟ್ಟು ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲು ಕೇಳಿ.

ಕೋತಿಗಳಿಗೆ ಚಿಪ್ಸ್ ಕೊಡಬೇಡಿ, ಸ್ಪೀಕರ್ ತರಬೇಡಿ. ದುರ್ಬೀನು, ನೀರಿನ ಬಾಟಲಿ ತನ್ನಿ. ಖಾಲಿ ಬಾಟಲಿಯನ್ನು ದಯವಿಟ್ಟು ಮನೆಗೇ ಒಯ್ಯಿರಿ.