ಅನಾನಸ್ ಮೇಷ್ಟ್ರೂ ಲಾಸ್ ಏಂಜಲೀಸ್ ಹೊಗೆಯೂ

ಪಿಯುಸಿ ಅಂದ್ರೆ ನಮಗೆ ಮೊದಲು ನೆನಪಾಗೋದು ಸೆಕೆಂಡ್ ಪಿಯುಸಿ, ಸಿಇಟಿ ರ‍್ಯಾಂಕು. ಕಾಲೇಜಿಗೆ ಬೈಕ್ ತಂದ ಮೇಲೆ ಇನ್ನೊಂದು ಪಿಯುಸಿ ಪರಿಚಯವಾಗುತ್ತೆ: ಸೈಲೆನ್ಸರಿಗೆ ನಳಿಕೆ ತೂರಿಸಿ ಕೊಡುವ ಎಮಿಷನ್ ಟೆಸ್ಟ್ ಚೀಟಿ. ಪೆಟ್ರೋಲ್ ಗಾಡಿಯಾದರೆ ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆ ಹೈಡ್ರೋಕಾರ್ಬನ್ ಅಂತಲೂ ಒಂದು ಸಾಲು ಇರುತ್ತೆ. ಉರಿಯದೆ ಹೊರಬಂದ ಪೆಟ್ರೋಲನ್ನು ಯಾಕೆ ಅಳೀಬೇಕು? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ಅನಾನಸ್ ಹಣ್ಣಿನ ಹತ್ತಿರ ಹೋಗಿ ನಿಲ್ಲುತ್ತೇವೆ.

1943ರ ಜುಲೈನಲ್ಲಿ ಲಾಸ್ ಏಂಜಲೀಸನ್ನು ಕಣ್ಣುರಿಸುವ ಹೊಗೆ ಮುತ್ತಿಕೊಂಡಿತು. ಯುದ್ಧದ ಕಾಲ, ಶತ್ರುಗಳ ಅನಿಲ ದಾಳಿಯೇನೋ ಅಂತ ಕೆಲವರು ಹೆದರಿದರಂತೆ. ಆಮೇಲೆ ಬೈಗುಳವೆಲ್ಲ ಒಂದು ಬ್ಯುಟಾಡೈಯೀನ್ ಕಾರ್ಖಾನೆಯ ಮೇಲೆ. ಅದನ್ನು ನಿಲ್ಲಿಸಿದರೂ ಹೊಗೆ ಹೋಗಲಿಲ್ಲ. 1947ರಲ್ಲಿ ವಾಯುಮಾಲಿನ್ಯ ನಿಯಂತ್ರಣಕ್ಕೆ ಪ್ರತ್ಯೇಕ ಜಿಲ್ಲಾ ಸಂಸ್ಥೆಯೇ ಹುಟ್ಟಿತು. ಅದು ಬೆನ್ನುಹತ್ತಿದ್ದು ಗಂಧಕದ ಡೈಆಕ್ಸೈಡನ್ನು. ಲಂಡನ್ನಿನ ಕಲ್ಲಿದ್ದಲ ಹೊಗೆಯ ಪಾಠ ಎಲ್ಲರ ತಲೆಯಲ್ಲಿತ್ತಲ್ಲ! ಆದರೆ ಇಲ್ಲಿ ಬೇರೇನೋ ನಡೀತಿತ್ತು: ರಬ್ಬರ್ ಬಿರುಕು ಬಿಡುತ್ತಿತ್ತು, ಸೊಪ್ಪಿನ ಬೆಳೆ ಹಾಳಾಗುತ್ತಿತ್ತು.

ಕ್ಯಾಲ್ಟೆಕ್‌ನಲ್ಲಿ ಆರಿ ಹಾಗನ್-ಸ್ಮಿಟ್ ಎಂಬ ಡಚ್ ಮೂಲದ ಮೇಷ್ಟ್ರು ಅನಾನಸಿನ ಘಮ ಯಾವ ರಾಸಾಯನಿಕಗಳಿಂದ ಬರುತ್ತೆ ಅಂತ ನೋಡ್ತಿದ್ದರು. ಆವಿಯನ್ನು ಹೆಪ್ಪುಗಟ್ಟಿಸಿ ಹಿಡಿಯುವ ಅದೇ ಉಪಕರಣಕ್ಕೆ ಊರಿನ ಗಾಳಿಯನ್ನು ಎಳೆದುಕೊಂಡರು. ಸಿಕ್ಕಿದ್ದು ಕೆಲವೇ ಹನಿ, ಗಬ್ಬು ನಾರುವ ಕಂದು ದ್ರವ. ಅದರಲ್ಲಿದ್ದವು ಆಕ್ಸಿಡೀಕರಣಗೊಂಡ ಹೈಡ್ರೋಕಾರ್ಬನ್‌ಗಳು. ಅಂದರೆ ಈ ಹೊಗೆ ಯಾವ ಚಿಮಣಿಯಿಂದಲೂ ಹಾಗೇ ಬರುತ್ತಿರಲಿಲ್ಲ. ಬಿಸಿಲಲ್ಲಿ ಗಾಳಿಯೊಳಗೇ ತಯಾರಾಗುತ್ತಿತ್ತು.

ರಸಾಯನ ಹೀಗಿದೆ. ಬಿಸಿಲು ಬಿದ್ದಾಗ ನೈಟ್ರೋಜನ್ ಡೈಆಕ್ಸೈಡ್ ಒಡೆದು ಒಂದು ಆಮ್ಲಜನಕದ ಪರಮಾಣು ಬಿಡುತ್ತೆ. ಅದು ಆಮ್ಲಜನಕದ ಅಣುವಿಗೆ ಅಂಟಿದರೆ ಓಜೋನ್. ಉಳಿದ ನೈಟ್ರಿಕ್ ಆಕ್ಸೈಡ್ ಆ ಓಜೋನನ್ನು ತಿಂದು ಮತ್ತೆ ಡೈಆಕ್ಸೈಡ್ ಆಗುತ್ತೆ, ಲೆಕ್ಕ ಚುಕ್ತಾ. ಹೈಡ್ರೋಕಾರ್ಬನ್ ನಡುವೆ ಬಂದರೆ ಓಜೋನ್ ಖರ್ಚಾಗದೇನೇ ಡೈಆಕ್ಸೈಡ್ ಮರಳಿ ಸಿದ್ಧವಾಗುತ್ತೆ, ಓಜೋನ್ ಪೇರುತ್ತಾ ಹೋಗುತ್ತೆ.

ಇದನ್ನು ಒಪ್ಪಿದರೆ ಆರೋಪಿಗಳು ರಿಫೈನರಿ ಮತ್ತು ಕಾರು. ತೈಲ ಕಂಪನಿಗಳ ದುಡ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ಸಂಸ್ಥೆ ಅವರ ವಾದವನ್ನು ಅಲ್ಲಗಳೆಯಿತು. ಮೇಷ್ಟ್ರು ಅನಾನಸ್ ಬಿಟ್ಟು ಪೂರ್ತಿ ಇದಕ್ಕೇ ಇಳಿದರು. (ನಮಗೆ ಈ ಸಿಟ್ಟು ತುಂಬಾ ಇಷ್ಟವಾಯ್ತು.) ಮುಂದೆ ರಿಫೈನರಿ ಆವಿಗೆ, ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಅನಿಲಕ್ಕೆ ಕಡಿವಾಣ ಬಿತ್ತು. 1968ರಲ್ಲಿ ಅವರೇ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷರಾದರು. 1975ರ ಮಾಡೆಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸೀಸ ಅದನ್ನು ಕೆಡಿಸುತ್ತದಾದ್ದರಿಂದ ಸೀಸವಿಲ್ಲದ ಪೆಟ್ರೋಲೂ ಬರಲೇಬೇಕಾಯ್ತು. ನಮ್ಮಲ್ಲಿ ಅದು 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಕಾರುಗಳಿಂದ ಶುರು.

ಅಷ್ಟಕ್ಕೇ ಮುಗಿಯಲಿಲ್ಲ. ಲಾಸ್ ಏಂಜಲೀಸಿನಲ್ಲಿ ಶನಿವಾರ, ಭಾನುವಾರ ಲಾರಿ ಓಡಾಟ ಕಡಿಮೆ, ನೈಟ್ರೋಜನ್ ಆಕ್ಸೈಡೂ ಕಡಿಮೆ. ಆದರೂ ವರ್ಷಗಟ್ಟಲೆ ಓಜೋನ್ ಮಾತ್ರ ಆ ದಿನಗಳಲ್ಲೇ ಜಾಸ್ತಿ ಇರುತ್ತಿತ್ತು. ತಿನ್ನುವ ನೈಟ್ರಿಕ್ ಆಕ್ಸೈಡೇ ಕಡಿಮೆಯಾದರೆ ಇನ್ನೇನಾಗುತ್ತೆ? ಹಾಗಾಗಿ ಯಾವುದನ್ನು ಎಷ್ಟು ಇಳಿಸಬೇಕು ಅನ್ನೋದು ಆಯಾ ಊರಿನ ಗಾಳಿಯನ್ನು ಅಳೆದೇ ತೀರ್ಮಾನವಾಗಬೇಕು. ಇನ್ನೊಂದು ಸಲ ನಿಮ್ಮ ಬೈಕಿನ ಚೀಟಿ ತೆಗೆದು ನೋಡಿ. ಮೇಷ್ಟ್ರ ಸಮೀಕರಣದ ಹೈಡ್ರೋಕಾರ್ಬನ್ ಅದರಲ್ಲಿದೆ, ನೈಟ್ರೋಜನ್ ಆಕ್ಸೈಡ್ ಇಲ್ಲ.