ಕಾವಲು ಖಾಲಿ ಬಿದ್ದ ನೆಲವೇ?

ಬೇಸಿಗೆಯಲ್ಲಿ ಚಳ್ಳಕೆರೆಯ ಕಡೆ ಹೋದವರ ಕಣ್ಣಿಗೆ ಬೀಳುವುದು ಒಣಗಿದ ಕರಡ, ಅಲ್ಲೊಂದು ಇಲ್ಲೊಂದು ಜಾಲಿ ಮರ, ದೂರದಲ್ಲಿ ಒಂದು ಕುರಿಮಂದೆ. ‘ಏನೂ ಇಲ್ಲದ ಬಯಲು’ ಎಂದು ಕಾರಿನ ಕಿಟಕಿಯಿಂದಲೇ ತೀರ್ಮಾನವಾಗಿಬಿಡುತ್ತದೆ. ಸರ್ಕಾರದ ಕಡತಗಳ ತೀರ್ಮಾನವೂ ಇದಕ್ಕಿಂತ ಬೇರೆಯಲ್ಲ. ಕಂದಾಯ ತಾರದ ನೆಲವನ್ನು ಪಾಳು ಎಂದು ಬರೆಯುವ ರೂಢಿಯನ್ನು ಬ್ರಿಟಿಷರು ಹಾಕಿಕೊಟ್ಟರು. 1985ರಲ್ಲಿ ಕೇಂದ್ರ ಸರ್ಕಾರ ಪಾಳು ಭೂಮಿಯ ಅಭಿವೃದ್ಧಿಗೆಂದೇ ಒಂದು ರಾಷ್ಟ್ರೀಯ ಮಂಡಳಿ ಮಾಡಿತು. ಉಪಗ್ರಹ ಚಿತ್ರ ನೋಡಿ ತಯಾರಿಸಿದ ಪಾಳು ಭೂಮಿಯ ನಕ್ಷೆಗಳಲ್ಲೂ ಹುಲ್ಲು, ಕುರುಚಲು ಬೆಳೆದ ಎಷ್ಟೋ ಬಯಲುಗಳು ಸೇರಿಕೊಂಡಿವೆ. ಆ ಪಟ್ಟಿಗೆ ಒಮ್ಮೆ ಸೇರಿದ ನೆಲ ಯಾರ ಯೋಜನೆಗಾದರೂ ಸುಲಭದ ತುತ್ತು.

ಈ ಕಾವಲುಗಳು, ಅಂದರೆ ದನ ಮೇಯಲೆಂದು ಕಾದಿಟ್ಟ ಹುಲ್ಲುಗಾವಲುಗಳು, ಯಾರಿಗೂ ಬೇಡವಾಗಿ ಬಿದ್ದಿದ್ದ ನೆಲವಂತೂ ಅಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳಲು ‘ಬೆಣ್ಣೆ ಚಾವಡಿ’ ಇತ್ತು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಸೈನ್ಯದ ಫಿರಂಗಿಗಳನ್ನು ಎಳೆದದ್ದು ಅದೇ ಹೆಸರಿನ ತಳಿಯ ಎತ್ತುಗಳು. ಅವುಗಳಿಗಾಗಿ ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲುಗಳನ್ನು ಗೊತ್ತುಮಾಡಿ ಕಾಯುತ್ತಿದ್ದರು. ಒಂದು ರಾಜ್ಯ ಶತಮಾನಗಟ್ಟಲೆ ಜತನ ಮಾಡಿದ ಹುಲ್ಲುಗಾವಲು ಇದು. ಅದೇ ಚಳ್ಳಕೆರೆಯ ಅಮೃತ ಮಹಲ್ ಕಾವಲಿನಲ್ಲಿ 8,000 ಎಕರೆಗೂ ಹೆಚ್ಚು ಜಾಗ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿದೆ.

‘ಇಲ್ಲಿ ಹಿಂದೆ ದಟ್ಟ ಕಾಡಿತ್ತು. ಜನ ಕಡಿದರು, ದನ ಮೇಯಿಸಿದರು, ಕೊನೆಗೆ ಉಳಿದದ್ದು ಈ ಹುಲ್ಲು’ ಎಂಬ ಮಾತನ್ನು ಓದಿದವರೂ ಆಡುತ್ತಾರೆ. ಕೆಲವು ಕಡೆ ಹಾಗೆ ಆಗಿರುವುದು ನಿಜ. ಆದರೆ ಎಲ್ಲ ಹುಲ್ಲುಗಾವಲೂ ಕೆಟ್ಟುಹೋದ ಕಾಡು ಎಂಬುದು ಸುಳ್ಳು. ಬಿಸಿಲ ನಾಡಿನ ಹುಲ್ಲುಗಳು ಇಂಗಾಲವನ್ನು ಹೀರಿಕೊಳ್ಳುವ ಬಗೆ ಮರಗಳದ್ದಕ್ಕಿಂತ ಬೇರೆ. ಆ ವ್ಯತ್ಯಾಸದ ಗುರುತು ಮಣ್ಣಿನಲ್ಲಿ ಉಳಿದುಬಿಡುತ್ತದೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಮಣ್ಣುಪದರಗಳನ್ನು ಹೀಗೆ ಓದಿದಾಗ ಉಪಖಂಡದಲ್ಲಿ ಈ ಹುಲ್ಲುಗಳು ಸುಮಾರು 70-80 ಲಕ್ಷ ವರ್ಷಗಳ ಹಿಂದೆಯೇ ಹರಡಿದ್ದು ತಿಳಿಯಿತು. ಆಗ ಇಲ್ಲಿ ಕೊಡಲಿ ಹಿಡಿಯುವ ಮನುಷ್ಯನೇ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿ ಬೆಟ್ಟದ ಜೌಗು ಮಣ್ಣನ್ನು ಇದೇ ರೀತಿ ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲು ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಕಡುಚಳಿಯ ಕಾಲದಲ್ಲೂ ಅಲ್ಲಿತ್ತು.

ಮಣ್ಣು ಹೇಳಿದ್ದನ್ನು ನಂಬದವರು ಜೀವಿಗಳನ್ನು ನೋಡಬಹುದು. ಹುಲ್ಲು ಬೆಳೆಯುವ ಮೊಳಕೆ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಆದ್ದರಿಂದ ದನ ತುದಿ ಕಿತ್ತರೂ, ಬೆಂಕಿ ಮೇಲ್ಭಾಗ ಸುಟ್ಟರೂ ಅದು ಸಾಯುವುದಿಲ್ಲ. ಕಾವಲಿನ ಎಷ್ಟೋ ಗಿಡಗಳು ನೆಲದಡಿ ಗೆಡ್ಡೆಯಲ್ಲಿ ಬೇಸಿಗೆ ಕಳೆದು, ಮೊದಲ ಮಳೆ ಬಿದ್ದೊಡನೆ ಚಿಗುರಿ, ಕೆಲವೇ ವಾರಗಳಲ್ಲಿ ಹೂ ಬಿಟ್ಟು ಮತ್ತೆ ಮರೆಯಾಗುತ್ತವೆ. ನೆಲದ ಆರ್ಕಿಡ್‌ಗಳು, ದೀಪದ ಬುಡ್ಡಿಯಂಥ ಹೂವಿನ ಸಿರೋಪೀಜಿಯ ಬಳ್ಳಿಗಳು ಈ ಗುಂಪಿನವು. ದಖ್ಖನಿನ ಬಯಲುಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಿಗದ ಗಿಡಗಳೂ ಇವುಗಳಲ್ಲಿವೆ. ಬೇಸಿಗೆಯಲ್ಲಿ ನೋಡಿ ‘ಏನೂ ಇಲ್ಲ’ ಎಂದವರು ಆಷಾಢ-ಶ್ರಾವಣದಲ್ಲಿ ಒಮ್ಮೆ ಅಲ್ಲಿ ನಡೆಯಬೇಕು. ದೂರದಿಂದಲೇ ಅಪಾಯ ಕಂಡು ಓಟದಲ್ಲೇ ಪ್ರಾಣ ಉಳಿಸಿಕೊಳ್ಳುವ ಕೃಷ್ಣಮೃಗವೂ ತೆರೆದ ಬಯಲಲ್ಲಿ ರೂಪುಗೊಂಡ ಪ್ರಾಣಿಯೇ. ಈ ಉಪಖಂಡದ ಆಚೆ ಅದು ಸಹಜವಾಗಿ ಎಲ್ಲೂ ಇರಲಿಲ್ಲ.

ಇನ್ನೊಂದು ನಂಬಿಕೆಯನ್ನು ಅಲ್ಲಗಳೆಯುವುದು ಕಷ್ಟ, ಏಕೆಂದರೆ ಅದನ್ನು ನಂಬಿದವರೆಲ್ಲ ಒಳ್ಳೆಯ ಮನಸ್ಸಿನವರು. ಬಯಲಲ್ಲಿ ಗಿಡ ನೆಟ್ಟರೆ ಪ್ರಕೃತಿಗೆ ಒಳ್ಳೆಯದು ಎನ್ನುವುದು ಆ ನಂಬಿಕೆ. ಅದರ ಫಲ ರಾಣೆಬೆನ್ನೂರಿನಲ್ಲಿ ಕಾಣುತ್ತದೆ. ಕೃಷ್ಣಮೃಗ ಮತ್ತು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಹೆಸರಿನಲ್ಲಿ 1974ರಲ್ಲಿ 119 ಚದರ ಕಿ.ಮೀ. ಜಾಗ ಅಭಯಾರಣ್ಯವಾಯಿತು. ಆದರೆ ಅದರ ಬಹುಭಾಗ ನೀಲಗಿರಿ ತೋಪು. ಮೀಟರಿನಷ್ಟು ಎತ್ತರದ, 15 ಕಿಲೋವರೆಗೆ ತೂಗಬಲ್ಲ ಎರೆಭೂತ ನೆಲದ ಮೇಲೇ ನಡೆದಾಡುತ್ತದೆ, ನೆಲದ ಮೇಲೇ ಮೊಟ್ಟೆಯಿಡುತ್ತದೆ. ನಾಲ್ಕು ದಿಕ್ಕೂ ಕಾಣುವ ಬಯಲಿದ್ದರೆ ಮಾತ್ರ ಅದು ನಿಶ್ಚಿಂತೆಯಿಂದ ಇರಬಲ್ಲದು. ಸಾಲುಮರಗಳ ನಡುವೆ ಅದಕ್ಕೆ ಜಾಗವಿಲ್ಲ. ರಾಣೆಬೆನ್ನೂರಿನಲ್ಲಿ ಅದು ಈಗ ಕಾಣುವುದಿಲ್ಲ. ಬೇಟೆಯೂ ಅದನ್ನು ತೀರಾ ಕಡಿಮೆ ಮಾಡಿತ್ತು ಎಂಬುದು ನಿಜ. ಆದರೆ ಬೇಟೆ ನಿಂತ ಮೇಲೂ ಅದು ಮರಳಲು ತಕ್ಕ ಬಯಲನ್ನು ನಾವು ಉಳಿಸಲಿಲ್ಲ.

ಕಾಡನ್ನು ಲೆಕ್ಕ ಹಾಕುವ ಕ್ರಮವೂ ಮರ ನೆಡುವವರನ್ನೇ ಮೆಚ್ಚುತ್ತದೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇ. 10ರಷ್ಟು ಮರದ ನೆರಳಿದ್ದರೆ, ಯಾವ ಜಾತಿಯ ಮರವೇ ಆಗಲಿ, ಭಾರತೀಯ ಅರಣ್ಯ ಸಮೀಕ್ಷೆ ಅದನ್ನು ಅರಣ್ಯ ಹೊದಿಕೆ ಎಂದು ಎಣಿಸುತ್ತದೆ. ಅಮೆರಿಕ ಖಂಡಗಳ ಕಡೆಯಿಂದ ಬಂದ ಬಳ್ಳಾರಿ ಜಾಲಿ ಕಾವಲನ್ನು ನುಂಗಿದರೆ ಲೆಕ್ಕದಲ್ಲಿ ಅರಣ್ಯ ಹೆಚ್ಚುತ್ತದೆ. ಸಾವಿರಾರು ವರ್ಷ ಹಳೆಯ ಹುಲ್ಲು ಲೆಕ್ಕಕ್ಕೇ ಇಲ್ಲ. ಈ ಲೆಕ್ಕ ಬದಲಾಗಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಹವಾಮಾನದ ಚಿಂತೆಯಿಂದ ಮರ ನೆಡುವವರಿಗೂ ಒಂದು ಮಾತು: ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ಬೇರು ಮತ್ತು ಮಣ್ಣಿನಲ್ಲಿ ಇಡುತ್ತದೆ. ಗುಂಡಿ ತೋಡಿ, ನೆಲ ಉತ್ತು ಸಸಿ ಇಡುವಾಗ ಕದಡುವುದು ಅದೇ ಮಣ್ಣು.

ಕೃಷ್ಣಮೃಗಗಳು ಹಿಂಡುಹಿಂಡಾಗಿ ಕಾಣುತ್ತಿವೆ, ಹಾಗಾಗಿ ಬಯಲು ಚೆನ್ನಾಗಿದೆ ಎನ್ನುವವರೂ ಇದ್ದಾರೆ. ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಕೃಷ್ಣಮೃಗ ಚೇತರಿಸಿಕೊಂಡಿತು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದೀಗ ಆತಂಕವಿಲ್ಲದ ಪ್ರಾಣಿ. ಹೊಲದ ಬೆಳೆ ಮೇಯಲು, ತೋಪಿನ ಅಂಚಿನಲ್ಲಿ ಬದುಕಲು ಅದು ಕಲಿತಿದೆ. ಎರೆಭೂತಕ್ಕೆ ಆ ಹೊಂದಾಣಿಕೆ ಇಲ್ಲ, ಸಂತಾನವೂ ನಿಧಾನ. ಸಾಮಾನ್ಯವಾಗಿ ಅದು ಇಡುವುದು ಒಂದೇ ಮೊಟ್ಟೆ. 2011ರಿಂದ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. ಒಂದು ಪ್ರಾಣಿ ಚೇತರಿಸಿಕೊಂಡಿತೆಂದು ಇಡೀ ಬಯಲಿನ ಆರೋಗ್ಯವನ್ನು ಅಳೆಯಲಾಗದು.

ತೋಳ ಕಾಡಿನ ಪ್ರಾಣಿ, ಊರ ಬಳಿ ಕಂಡರೆ ದಾರಿ ತಪ್ಪಿ ಬಂದದ್ದು ಎಂಬುದೂ ತಪ್ಪು ತಿಳಿವಳಿಕೆ. ದಖ್ಖನಿನ ತೋಳ ಬಯಲಿನದೇ ಜೀವಿ. ಜಗತ್ತಿನ ಬೂದು ತೋಳಗಳಲ್ಲೇ ಅತ್ಯಂತ ಹಳೆಯ ವಂಶಗಳಲ್ಲಿ ಭಾರತದ ತೋಳದ್ದೂ ಒಂದು ಎಂದು 2021ರ ಜೀನ್ ಅಧ್ಯಯನ ತೋರಿಸಿದೆ. ಇಂದು ಅದಕ್ಕೆ ಕುರುಬರ ಕೋಲಿಗಿಂತ ದೊಡ್ಡ ಅಪಾಯ ಗುದ್ದು ತೋಡುವ ನೆಲ ಇಲ್ಲವಾಗುತ್ತಿರುವುದು, ಬೀದಿನಾಯಿಗಳಿಂದ ಬರುವ ರೋಗ ಮತ್ತು ನಾಯಿಗಳೊಂದಿಗಿನ ಬೆರಕೆ.

ಕಡೆಯದಾಗಿ, ಬೇಲಿ ಹಾಕಿ ಅಭಯಾರಣ್ಯ ಮಾಡಿದರೆ ಸಾಕು ಎಂಬ ಮಾತು. ಘೋಷಣೆ ಬೇಕು, ಅನುಮಾನವಿಲ್ಲ. ಚಳಿಗಾಲಕ್ಕೆ ದೂರದೇಶಗಳಿಂದ ಬಂದು ಹುಲ್ಲಿನ ನಡುವೆ ನೆಲದ ಮೇಲೇ ರಾತ್ರಿ ಕಳೆಯುವ ಸೆಳೆವ (ಹ್ಯಾರಿಯರ್) ಹಕ್ಕಿಗಳಿರುವ ಹೆಸರಘಟ್ಟದ 5,678 ಎಕರೆಯನ್ನು ಸಂರಕ್ಷಿತ ಪ್ರದೇಶ ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿದ್ದು ಹೋರಾಟದ ಫಲ. ಆದರೆ ಕರ್ನಾಟಕದಲ್ಲಿ ಉಳಿದಿರುವ ಬೆರಳೆಣಿಕೆಯ ಎರೆಭೂತಗಳು ಕಂಡುಬರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಎರೆ ಹೊಲಗಳ ನಡುವೆ. ಮಳೆ ನಂಬಿದ ಜೋಳ, ಕಡಲೆಯ ಹೊಲವೂ ಅವುಗಳಿಗೆ ಬಯಲೇ. ಅಲ್ಲಿಗೆ ನೀರಾವರಿ ಬಂದು ಭತ್ತ ನಿಂತರೆ, ಮೇಲೆ ವಿದ್ಯುತ್ ತಂತಿ ಹಾದುಹೋದರೆ ಯಾವ ಬೇಲಿಯೂ ಅವುಗಳನ್ನು ಕಾಯದು. ಎರೆಭೂತದ ಕಣ್ಣು ಎದುರಿಗಿಂತ ಅಕ್ಕಪಕ್ಕವನ್ನೇ ಹೆಚ್ಚು ನೋಡುತ್ತದೆ. ಭಾರವಾದ ಮೈಯನ್ನು ಕೊನೆ ಗಳಿಗೆಯಲ್ಲಿ ತಿರುಗಿಸಲು ಅದಕ್ಕೆ ಆಗದು. ತಂತಿಗಳನ್ನು ನೆಲದಡಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಕೊಟ್ಟ ಆದೇಶ ರಾಜಸ್ಥಾನ, ಗುಜರಾತಿನ ಕುರಿತಾಗಿತ್ತು. 2024ರಲ್ಲಿ ಅದೂ ಸಡಿಲಗೊಂಡಿತು. ಸಿರುಗುಪ್ಪದ ಹಕ್ಕಿ ಉಳಿಯಬೇಕಾದರೆ ಒಣಬೇಸಾಯ ಬಿಡದ ರೈತನಿಗೆ ಅದರಿಂದ ನಷ್ಟವಾಗದಂತೆ ಸರ್ಕಾರ ನೋಡಿಕೊಳ್ಳಬೇಕು. ಹೊಸ ವಿದ್ಯುತ್ ಮಾರ್ಗದ ನಕ್ಷೆ ಬರೆಯುವ ಮೊದಲು ಆ ಹೊಲಗಳು ಎಲ್ಲಿವೆ ಎಂದು ಅರಣ್ಯ ಇಲಾಖೆಯನ್ನು ಕೇಳಬೇಕು.