ಮರ ಕಡಿಯುವ ಕೆಲಸದಲ್ಲಿ ಬೀಳುವಿಕೆ ರಕ್ಷಣಾ ಸಾಧನಗಳು

ಬೀಳುವಿಕೆ ರಕ್ಷಣಾ ಸಾಧನಗಳು ಎಂದರೆ ಎತ್ತರದಲ್ಲಿ ಕೆಲಸ ಮಾಡುವವರು ಕೆಳಗೆ ಬೀಳದಂತೆ ತಡೆಯುವ ಅಥವಾ ಬಿದ್ದರೂ ನೆಲಕ್ಕೆ ಅಪ್ಪಳಿಸುವ ಮೊದಲೇ ಅವರನ್ನು ಹಿಡಿದು ನಿಲ್ಲಿಸುವ ಉಪಕರಣಗಳ ಸಮೂಹ. ಪೂರ್ಣದೇಹದ ಹಾರ್ನೆಸ್, ಹಗ್ಗ, ಲ್ಯಾನ್ಯಾರ್ಡ್, ಕೊಂಡಿಗಳು, ಆಘಾತ ಹೀರುವ ಪಟ್ಟಿ ಮತ್ತು ಆಧಾರಬಿಂದು ಇದರ ಮುಖ್ಯ ಭಾಗಗಳು. ಮರ ಕಡಿಯುವುದು, ಕೊಂಬೆ ಸವರುವುದು, ಅಡಿಕೆ ಮತ್ತು ತೆಂಗಿನ ಕೊಯ್ಲು ಮುಂತಾದ ಕೆಲಸಗಳಲ್ಲಿ ಇವುಗಳ ಬಳಕೆ ಕಟ್ಟಡ ನಿರ್ಮಾಣದಲ್ಲಿನ ಬಳಕೆಗಿಂತ ಭಿನ್ನವಾಗಿದೆ. ಇಲ್ಲಿ ಕಾರ್ಮಿಕನನ್ನು ಹಿಡಿದಿಡುವ ಆಧಾರವೂ ಆತ ಕಡಿಯುತ್ತಿರುವ ವಸ್ತುವೂ ಒಂದೇ ಮರವಾಗಿರುವುದು ಈ ಭಿನ್ನತೆಗೆ ಕಾರಣ.

ಹಿನ್ನೆಲೆ

ಕರ್ನಾಟಕದಲ್ಲಿ ಮರ ಏರಿ ಮಾಡುವ ಕೆಲಸದ ಸ್ವರೂಪ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಅಡಿಕೆ ಕೊಯ್ಲು ಮತ್ತು ಔಷಧ ಸಿಂಪಡಣೆ ಪ್ರಧಾನವಾದರೆ, ತುಮಕೂರು, ಹಾಸನ ಭಾಗಗಳಲ್ಲಿ ತೆಂಗಿನ ಕೊಯ್ಲು ಪ್ರಧಾನ. ಬೆಳಗಾವಿ ಜಿಲ್ಲೆಯ ಮುರಗೋಡ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ಬಯಲು ನೆಲದಲ್ಲಿ ದಟ್ಟ ಕಾಡಿಲ್ಲ. ಹೊಲದ ಬದುವಿನ ಬೇವು, ಜಾಲಿ, ಹುಣಸೆ, ರಸ್ತೆ ಬದಿಯ ಆಲ ಮತ್ತು ಮನೆಯಂಗಳದ ಮರಗಳ ಕೊಂಬೆ ಇಳಿಸುವುದೇ ಇಲ್ಲಿ ಮರಗೆಲಸದ ಸಾಮಾನ್ಯ ರೂಪ. ಕಿತ್ತೂರಿನಿಂದ ಪಶ್ಚಿಮಕ್ಕೆ, ಖಾನಾಪುರದ ಕಡೆಗೆ ಸಾಗಿದಂತೆ ಪಶ್ಚಿಮ ಘಟ್ಟದ ಕಾಡು ಆರಂಭವಾಗುತ್ತದೆ.

ಬಯಲುಸೀಮೆಯ ಈ ಕೆಲಸವನ್ನು ಹೆಚ್ಚಾಗಿ ಮೂರು ನಾಲ್ಕು ಜನರ ಸಣ್ಣ ತಂಡಗಳು ಗುತ್ತಿಗೆಯ ಮೇಲೆ ಮಾಡುತ್ತವೆ. ಕೊಡಲಿ, ಗರಗಸ, ಹಗ್ಗ ಮತ್ತು ನಿಚ್ಚಣಿಕೆ ಅವರ ಮುಖ್ಯ ಸಲಕರಣೆಗಳು. ಇತ್ತೀಚಿನ ವರ್ಷಗಳಲ್ಲಿ ಚೈನ್‌ಸಾ ಎಂದು ಕರೆಯುವ ಯಂತ್ರಗರಗಸವೂ ಸೇರಿಕೊಂಡಿದೆ. ತಂಡದ ಬಳಿ ಇರುವ ಹಗ್ಗವನ್ನು ಸಾಮಾನ್ಯವಾಗಿ ಕೊಂಬೆಯನ್ನು ಎಳೆಯಲು ಮತ್ತು ಇಳಿಸಲು ಬಳಸಲಾಗುತ್ತದೆಯೇ ಹೊರತು ಏರಿದವನನ್ನು ಹಿಡಿಯಲು ಅಲ್ಲ.

ಸಾಂಪ್ರದಾಯಿಕ ಸಾಧನಗಳು

ಅಡಿಕೆ ಮರವು 20 ಮೀಟರ್‌ವರೆಗೂ ಬೆಳೆಯಬಲ್ಲದು. ಕೊನೆ ಇಳಿಸುವವರನ್ನು ಉತ್ತರ ಕನ್ನಡದಲ್ಲಿ ಕೊನೆಗೌಡ ಎಂದೂ ಇತರೆಡೆ ಕೊನೆಗಾರ ಎಂದೂ ಕರೆಯುತ್ತಾರೆ. ಇವರು ಎರಡೂ ಪಾದಗಳನ್ನು ಸೇರಿಸಿ ಹಿಡಿಯುವ ತಳೆ ಎಂಬ ಹಗ್ಗದ ಬಳೆಯನ್ನು ತೊಟ್ಟು ಮರ ಏರುತ್ತಾರೆ. ತಳೆಯು ಪಾದ ಮತ್ತು ಕಾಂಡದ ನಡುವಿನ ಘರ್ಷಣೆಯನ್ನು ಹೆಚ್ಚಿಸುತ್ತದೆ. ನುರಿತವರು ಒಂದು ಮರದ ತುದಿಯಿಂದ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುವುದೂ ಉಂಟು.

ತಳೆ, ನಿಚ್ಚಣಿಕೆ ಮತ್ತು ಸೊಂಟಕ್ಕೆ ಸುತ್ತಿದ ಹಗ್ಗ ಇವೆಲ್ಲ ಏರಲು ಮತ್ತು ನಿಲ್ಲಲು ನೆರವಾಗುವ ಸಾಧನಗಳು. ಕೈ ಜಾರಿದರೆ, ತಲೆ ಸುತ್ತಿದರೆ ಅಥವಾ ಜೇನು ಎದ್ದರೆ ಬೀಳುವವನನ್ನು ಇವು ಹಿಡಿಯಲಾರವು. ಕೊಳೆರೋಗದ ನಿಯಂತ್ರಣಕ್ಕಾಗಿ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವಾಗ ಕಾಂಡವು ಒದ್ದೆಯಾಗಿ ಪಾಚಿಗಟ್ಟಿರುವುದರಿಂದ ಅಪಾಯ ಇನ್ನೂ ಹೆಚ್ಚು. ಏರುವ ಸಾಧನ ಮತ್ತು ಬೀಳುವಿಕೆ ತಡೆಯುವ ಸಾಧನ ಇವುಗಳ ನಡುವಿನ ಈ ವ್ಯತ್ಯಾಸವೇ ವಿಷಯದ ತಳಹದಿ.

ಬೀಳುವಿಕೆಯ ಭೌತಶಾಸ್ತ್ರ

ಗಾಳಿಯ ಪ್ರತಿರೋಧವನ್ನು ಬಿಟ್ಟು ಲೆಕ್ಕ ಹಾಕಿದರೆ, 2 ಮೀಟರ್ ಎತ್ತರದಿಂದ ಬಿದ್ದವನು ಸುಮಾರು 0.6 ಸೆಕೆಂಡಿನಲ್ಲಿ ಗಂಟೆಗೆ 22 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತಾನೆ. 6 ಮೀಟರ್ ಎತ್ತರದಿಂದ ಬಿದ್ದರೆ ವೇಗ ಗಂಟೆಗೆ 39 ಕಿ.ಮೀ., 15 ಮೀಟರ್‌ನಿಂದ ಬಿದ್ದರೆ ಸುಮಾರು 62 ಕಿ.ಮೀ. ಆಗುತ್ತದೆ. ಬೀಳುತ್ತಿರುವಾಗ ಕೊಂಬೆಯೊಂದನ್ನು ಹಿಡಿದು ಪಾರಾಗಲು ಸಿಗುವ ಕಾಲಾವಕಾಶ ಬಹುತೇಕ ಇಲ್ಲ.

ಬೀಳುವಿಕೆಯನ್ನು ಹಗ್ಗದಿಂದ ತಡೆದರೂ ಆ ವೇಗವು ಎಷ್ಟು ದೂರದಲ್ಲಿ ಸೊನ್ನೆಗೆ ಇಳಿಯುತ್ತದೆ ಎಂಬುದು ಮುಖ್ಯ. ಹಿಗ್ಗದ ಹಗ್ಗವು ದೇಹವನ್ನು ಥಟ್ಟನೆ ನಿಲ್ಲಿಸಿ ಬೆನ್ನುಮೂಳೆ ಮತ್ತು ಒಳಾಂಗಗಳಿಗೆ ಹಾನಿ ಮಾಡಬಲ್ಲದು. ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಬೀಳುವಿಕೆಯ ಗುಣಾಂಕ ಎನ್ನುತ್ತಾರೆ. ಹಗ್ಗವನ್ನು ತಲೆಯ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿದ್ದರೆ ಇದು ಸೊನ್ನೆಗೆ ಸಮೀಪವಿರುತ್ತದೆ. ಸೊಂಟದ ಮಟ್ಟದಲ್ಲಿ ಕಟ್ಟಿದ್ದರೆ 1ರ ಆಸುಪಾಸಿನಲ್ಲಿಯೂ, ಕಾಲ ಕೆಳಗೆ ಕಟ್ಟಿದ್ದರೆ 2ರವರೆಗೂ ಇರುತ್ತದೆ. ಆದ್ದರಿಂದ ಆಧಾರಬಿಂದು ಸದಾ ಕಾರ್ಮಿಕನಿಗಿಂತ ಮೇಲಿರಬೇಕು ಎಂಬುದು ಮೊದಲ ನಿಯಮ.

ಸಾಧನದ ಭಾಗಗಳು

ಪೂರ್ಣದೇಹದ ಹಾರ್ನೆಸ್: ಭುಜ, ಎದೆ, ಸೊಂಟ ಮತ್ತು ತೊಡೆಗಳನ್ನು ಸುತ್ತುವರಿಯುವ ಪಟ್ಟಿಗಳ ಕವಚ. ಬಿದ್ದಾಗ ಉಂಟಾಗುವ ಎಳೆತವನ್ನು ಇದು ತೊಡೆ ಮತ್ತು ಸೊಂಟದ ಎಲುಬಿನ ಭಾಗಕ್ಕೆ ಹಂಚುತ್ತದೆ. ಕೇವಲ ಸೊಂಟಕ್ಕೆ ಕಟ್ಟುವ ಸೇಫ್ಟಿ ಬೆಲ್ಟ್ ಈ ಕೆಲಸಕ್ಕೆ ತಕ್ಕುದಲ್ಲ. ಅದು ಎಳೆತವನ್ನೆಲ್ಲ ಹೊಟ್ಟೆಯ ಮೇಲೆ ಹಾಕುತ್ತದೆ, ತಲೆಕೆಳಗಾದಾಗ ದೇಹದಿಂದ ಕಳಚಿಕೊಳ್ಳುವ ಸಾಧ್ಯತೆಯೂ ಇದೆ. ಅಮೆರಿಕದ ನಿರ್ಮಾಣ ಕ್ಷೇತ್ರದಲ್ಲಿ ಬೀಳುವವರನ್ನು ಹಿಡಿಯಲು ಸೊಂಟಪಟ್ಟಿ ಬಳಸುವುದನ್ನು 1998ರ ಜನವರಿ 1ರಿಂದ ನಿಷೇಧಿಸಲಾಗಿದೆ.

ಲ್ಯಾನ್ಯಾರ್ಡ್ ಮತ್ತು ಆಘಾತ ಹೀರುವ ಪಟ್ಟಿ: ಹಾರ್ನೆಸ್ ಅನ್ನು ಆಧಾರಬಿಂದುವಿಗೆ ಜೋಡಿಸುವ ಗಿಡ್ಡ ಹಗ್ಗವೇ ಲ್ಯಾನ್ಯಾರ್ಡ್. ಇದರೊಂದಿಗೆ ಮಡಚಿ ಹೊಲಿದ ಪಟ್ಟಿಯೊಂದು ಇರುತ್ತದೆ. ಬಿದ್ದಾಗ ಈ ಹೊಲಿಗೆ ಹಂತಹಂತವಾಗಿ ಹರಿದು ಶಕ್ತಿಯನ್ನು ಹೀರಿಕೊಳ್ಳುತ್ತದೆ. ಯುರೋಪಿನ ಇಎನ್ 355 ಮಾನಕದ ಪ್ರಕಾರ ದೇಹದ ಮೇಲಿನ ಎಳೆತ 6 ಕಿಲೋನ್ಯೂಟನ್ ಮೀರಬಾರದು.

ಸ್ಥಾನ ಹಿಡಿಯುವ ಹಗ್ಗ: ಕಾಂಡವನ್ನು ಬಳಸಿ ಬಂದು ಹಾರ್ನೆಸ್‌ನ ಎರಡು ಪಕ್ಕದ ಬಳೆಗಳಿಗೆ ಸೇರುವ ಈ ಹಗ್ಗ, ಎರಡೂ ಕೈಗಳನ್ನು ಕೆಲಸಕ್ಕೆ ಬಿಡುವು ಮಾಡಿಕೊಡುತ್ತದೆ. ಗರಗಸ ತಗಲಿದರೆ ಕೂಡಲೇ ತುಂಡಾಗದಿರಲೆಂದು ಇದರೊಳಗೆ ಉಕ್ಕಿನ ತಂತಿ ಇರುವ ಬಗೆಯನ್ನು ಬಳಸುತ್ತಾರೆ. ಯಂತ್ರಗರಗಸವು ಅದನ್ನೂ ಕತ್ತರಿಸಬಲ್ಲದು.

ಕೊಂಡಿಗಳು: ತಾನಾಗಿ ಮುಚ್ಚಿ ಬೀಗ ಹಾಕಿಕೊಳ್ಳುವ ಕ್ಯಾರಬೈನರ್‌ಗಳು ಮಾತ್ರ ಸೂಕ್ತ. ಬಾವಿಯ ಕೊಕ್ಕೆ ಅಥವಾ ಸರಕು ಎತ್ತುವ ಕೊಕ್ಕೆಗಳು ಮನುಷ್ಯರ ಭಾರಕ್ಕಾಗಿ ಮಾಡಿದವುಗಳಲ್ಲ.

ಜಾರುಗಂಟು ಅಥವಾ ಹಿಡಿಕೆ ಸಾಧನ: ಮುಖ್ಯ ಹಗ್ಗದ ಮೇಲೆ ಜಾರಿಸಬಹುದಾದ, ಭಾರ ಬಿದ್ದೊಡನೆ ಬಿಗಿಯುವ ಸುತ್ತುಗಂಟು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಪ್ರುಸಿಕ್ ಗಂಟು ಇವುಗಳಲ್ಲಿ ಪ್ರಸಿದ್ಧ.

ಹೆಲ್ಮೆಟ್: ಗದ್ದದ ಪಟ್ಟಿ ಇರುವ ಹೆಲ್ಮೆಟ್ ಬೀಳುವಾಗಲೂ ತಲೆಯ ಮೇಲೆಯೇ ಉಳಿಯುತ್ತದೆ.

ನೆಲದ ಅಂತರ

ಆಘಾತ ಹೀರುವ ಲ್ಯಾನ್ಯಾರ್ಡ್ ಕೆಲಸ ಮಾಡಲು ಕೆಳಗೆ ಸಾಕಷ್ಟು ತೆರವು ಬೇಕು. ಉದಾಹರಣೆಗೆ, ಲ್ಯಾನ್ಯಾರ್ಡ್‌ನ ಉದ್ದ 1.8 ಮೀಟರ್, ಪಟ್ಟಿ ಬಿಚ್ಚಿಕೊಳ್ಳುವ ದೂರ 1.1 ಮೀಟರ್, ಬೆನ್ನಿನ ಬಳೆಯಿಂದ ಪಾದದವರೆಗೆ 1.5 ಮೀಟರ್ ಮತ್ತು ಸುರಕ್ಷತೆಗೆಂದು 1 ಮೀಟರ್ ಎಂದು ಹಿಡಿದರೆ, ಆಧಾರಬಿಂದುವಿನ ಕೆಳಗೆ ಒಟ್ಟು 5.4 ಮೀಟರ್ ಖಾಲಿ ಜಾಗ ಇರಬೇಕಾಗುತ್ತದೆ. 4 ಮೀಟರ್ ಎತ್ತರದ ಕೊಂಬೆಗೆ ಇದೇ ಲ್ಯಾನ್ಯಾರ್ಡ್ ಕಟ್ಟಿದವನು ಪಟ್ಟಿ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೆಲಕ್ಕೆ ತಾಗಬಹುದು. ಮಧ್ಯದಲ್ಲಿ ದಪ್ಪ ಕೊಂಬೆಯಿದ್ದರೆ ಅದೂ ನೆಲಕ್ಕೆ ಸಮ. ಈ ಕಾರಣದಿಂದ ಮರದ ಮೇಲೆ ಬಿದ್ದವರನ್ನು ಹಿಡಿಯುವ ಸಾಧನಕ್ಕಿಂತ, ಹಗ್ಗವನ್ನು ಸದಾ ಬಿಗಿಯಾಗಿಟ್ಟು ಬೀಳಲು ಆಸ್ಪದ ಕೊಡದ ವಿಧಾನಕ್ಕೆ ಹೆಚ್ಚು ಪ್ರಾಶಸ್ತ್ಯವಿದೆ.

ಮರದ ಮೇಲೆ ಬಳಸುವ ಕ್ರಮ

ಏರುವ ಮೊದಲು ಮರವನ್ನು ಬುಡದಿಂದ ತುದಿಯವರೆಗೆ ಪರಿಶೀಲಿಸಬೇಕು. ಟೊಳ್ಳು, ಗೆದ್ದಲು, ಬುಡದ ಅಣಬೆ, ಸೀಳು, ಒಣಕೊಂಬೆ, ಜೇನುಗೂಡು ಮತ್ತು ವಿದ್ಯುತ್ ತಂತಿ ಮುಖ್ಯವಾಗಿ ನೋಡಬೇಕಾದವು. ತಂತಿ ಸಮೀಪವಿದ್ದರೆ ವಿದ್ಯುತ್ ಸರಬರಾಜು ಸಂಸ್ಥೆಯ ಮೂಲಕ ಮಾರ್ಗವನ್ನು ನಿಲ್ಲಿಸಿದ ನಂತರವೇ ಕೆಲಸ ಆರಂಭಿಸಬೇಕು. ಬೆಳಗಾವಿ ಜಿಲ್ಲೆಯಲ್ಲಿ ಈ ಸಂಸ್ಥೆ ಹೆಸ್ಕಾಂ.

ಆಧಾರಕ್ಕೆ ಜೀವಂತವಾದ, ದಪ್ಪನೆಯ, ಕಾಂಡಕ್ಕೆ ಗಟ್ಟಿಯಾಗಿ ಕೂಡಿಕೊಂಡ ಕವಲನ್ನು ಆರಿಸಲಾಗುತ್ತದೆ. ಅದರ ಮೇಲೆ ನೆಲದಿಂದಲೇ ಹಗ್ಗ ಹಾಯಿಸಿ, ಇಬ್ಬರು ಜೋತುಬಿದ್ದು ಪರೀಕ್ಷಿಸುವುದು ವೃತ್ತಿನಿರತರ ರೂಢಿ. ನುಗ್ಗೆಯಂಥ ಮರಗಳ ಕೊಂಬೆ ಹಸಿಯಾಗಿದ್ದಾಗಲೂ ಥಟ್ಟನೆ ಮುರಿಯುವುದರಿಂದ ಅವು ಆಧಾರಕ್ಕೆ ಯೋಗ್ಯವಲ್ಲ. ಹುಣಸೆ ಗಟ್ಟಿ ಮರವಾದರೂ ಹಳೆಯ ಮರಗಳ ಕಾಂಡ ಒಳಗೆ ಟೊಳ್ಳಾಗಿರುವುದು ಸಾಮಾನ್ಯ.

ಕೊಂಬೆಯಿಂದ ಕೊಂಬೆಗೆ ಸಾಗುವಾಗ ಒಂದು ಕೊಂಡಿಯನ್ನು ಹೊಸ ಜಾಗಕ್ಕೆ ಸಿಕ್ಕಿಸಿದ ಬಳಿಕವೇ ಹಳೆಯದನ್ನು ಬಿಚ್ಚಬೇಕು. ಯಂತ್ರಗರಗಸ ಚಾಲನೆಯಲ್ಲಿರುವಾಗ ಮುಖ್ಯ ಹಗ್ಗ ಮತ್ತು ಸ್ಥಾನ ಹಿಡಿಯುವ ಹಗ್ಗ ಹೀಗೆ ಎರಡು ಪ್ರತ್ಯೇಕ ಬಂಧಗಳಿರಬೇಕು. ಒಂದು ಕತ್ತರಿಸಿಹೋದರೆ ಇನ್ನೊಂದು ಹಿಡಿಯುತ್ತದೆ. ಕಡಿಯುವ ಕೊಂಬೆಗೆ ಕಾರ್ಮಿಕನ ಹಗ್ಗ ಎಂದಿಗೂ ತಾಗಿರಬಾರದು. ಕೊಂಬೆ ಇಳಿಸುವ ಹಗ್ಗವನ್ನೂ ಕಾರ್ಮಿಕನನ್ನು ಹಿಡಿಯುವ ಹಗ್ಗವನ್ನೂ ಬೇರೆ ಬೇರೆ ಬಣ್ಣದಲ್ಲಿ ಇಟ್ಟುಕೊಂಡರೆ ಗೊಂದಲ ತಪ್ಪುತ್ತದೆ. ಬಿರುಗಾಳಿಗೆ ಅರ್ಧ ಉರುಳಿದ, ಸೀಳಿದ ಅಥವಾ ಇನ್ನೊಂದು ಮರಕ್ಕೆ ಒರಗಿದ ಮರವನ್ನು ಏರಲೇಬಾರದು. ಅಂಥ ಮರದಲ್ಲಿ ನಂಬಬಹುದಾದ ಆಧಾರಬಿಂದುವೇ ಇರುವುದಿಲ್ಲ.

ತಪಾಸಣೆ ಮತ್ತು ನಿರ್ವಹಣೆ

ಪ್ರತಿ ಬಳಕೆಗೂ ಮೊದಲು ಪಟ್ಟಿಗಳ ಹೊಲಿಗೆ, ಹಗ್ಗದ ಎಳೆಗಳು, ಬಳೆಗಳ ಬಿರುಕು ಮತ್ತು ಕೊಂಡಿಗಳ ಬೀಗವನ್ನು ನೋಡಬೇಕು. ನೈಲಾನ್, ಪಾಲಿಪ್ರೊಪಿಲೀನ್ ಮುಂತಾದ ಕೃತಕ ನಾರುಗಳು ಬಿಸಿಲಿನಲ್ಲಿ ಬಲ ಕಳೆದುಕೊಳ್ಳುತ್ತವೆ. ಬಿಸಿಯೂ ಅವುಗಳನ್ನು ಹಾಳುಮಾಡುತ್ತದೆ, ಬ್ಯಾಟರಿ ಆಮ್ಲವು ನೈಲಾನನ್ನು ಹಾಳುಮಾಡುತ್ತದೆ. ಗಂಟು ಕೂಡ ಹಗ್ಗದ ಬಲವನ್ನು ಗಣನೀಯವಾಗಿ ತಗ್ಗಿಸುತ್ತದೆ. ಎತ್ತಿನ ಗಾಡಿಗೆ ಅಥವಾ ಟ್ರ್ಯಾಕ್ಟರಿಗೆ ಬಳಸಿದ ಹಗ್ಗವನ್ನು ಮನುಷ್ಯರನ್ನು ಹಿಡಿಯಲು ಬಳಸಬಾರದು. ಒಮ್ಮೆ ಬೀಳುವಿಕೆಯನ್ನು ತಡೆದ ಹಾರ್ನೆಸ್ ಮತ್ತು ಲ್ಯಾನ್ಯಾರ್ಡ್ ಹೊರನೋಟಕ್ಕೆ ಚೆನ್ನಾಗಿದ್ದರೂ ಅವನ್ನು ಮತ್ತೆ ಬಳಸುವಂತಿಲ್ಲ.

ನೇತಾಟದ ಅಪಾಯ ಮತ್ತು ರಕ್ಷಣೆ

ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವವರ ಕಾಲುಗಳಲ್ಲಿ ರಕ್ತ ಸಂಗ್ರಹವಾಗಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಇದರಿಂದ ಪ್ರಜ್ಞೆ ತಪ್ಪಬಹುದು. ಈ ಸ್ಥಿತಿಯಲ್ಲಿ 30 ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಸಾವು ಸಂಭವಿಸಬಹುದೆಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಆಡಳಿತ ಎಚ್ಚರಿಸಿದೆ. ಆದ್ದರಿಂದ ಒಬ್ಬನೇ ಮರ ಏರುವುದು ಸಲ್ಲದು. ಕೆಳಗಿರುವವರಲ್ಲಿ ಒಬ್ಬರಿಗಾದರೂ ಏರಿ ಇಳಿಸುವ ಕೌಶಲ ಮತ್ತು ಎರಡನೆಯ ಹಗ್ಗ ಇರಬೇಕು. ಪ್ರಜ್ಞೆಯಿದ್ದವರು ಹಗ್ಗದ ಕುಣಿಕೆಯಲ್ಲಿ ಪಾದವಿಟ್ಟು ಒತ್ತುತ್ತಿದ್ದರೆ ರಕ್ತಸಂಚಾರಕ್ಕೆ ಅನುಕೂಲವಾಗುತ್ತದೆ.

ನೆಲಕ್ಕೆ ಬಿದ್ದವರನ್ನು ಕೈಕಾಲು ಹಿಡಿದು ಎತ್ತುವುದು ಅಥವಾ ಬೈಕಿನಲ್ಲಿ ಕೂರಿಸಿ ಸಾಗಿಸುವುದು ಅಪಾಯಕರ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಈ ಚಲನೆಯಿಂದಲೇ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು. ತಲೆ, ಕುತ್ತಿಗೆ ಮತ್ತು ಬೆನ್ನನ್ನು ನೇರವಾಗಿಟ್ಟು 108 ಆಂಬ್ಯುಲೆನ್ಸ್ ಕರೆಯುವುದು ಸರಿಯಾದ ಕ್ರಮ.

ಏರದೆ ಮಾಡುವ ವಿಧಾನಗಳು

ಸುರಕ್ಷತಾ ಶಾಸ್ತ್ರದಲ್ಲಿ ಅಪಾಯವನ್ನೇ ನಿವಾರಿಸುವುದು ಮೊದಲ ಆಯ್ಕೆ, ದೇಹಕ್ಕೆ ತೊಡುವ ಸಾಧನ ಕೊನೆಯ ಆಯ್ಕೆ. ಉದ್ದ ಕೋಲಿನ ಗರಗಸ, ಬಕೆಟ್ ಇರುವ ಎತ್ತುವ ವಾಹನ ಮತ್ತು ನೆಲದಿಂದಲೇ ಮರವನ್ನು ನಿಯಂತ್ರಿತವಾಗಿ ಉರುಳಿಸುವುದು ಈ ಬಗೆಯವು. ಕರ್ನಾಟಕದ ಅಡಿಕೆ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲಿಯೇ ನಿಂತು ಕೊಯ್ಲು ಮತ್ತು ಸಿಂಪಡಣೆ ಮಾಡುವ ಪದ್ಧತಿ ಹರಡಿದೆ. ಕಾರ್ಬನ್ ಫೈಬರ್ ಮತ್ತು ಅಲ್ಯೂಮಿನಿಯಂ ಎರಡೂ ವಿದ್ಯುದ್ವಾಹಕಗಳಾದ್ದರಿಂದ ತಂತಿಗಳ ಬಳಿ ಇಂಥ ದೋಟಿಯನ್ನು ಬಳಸಬಾರದು.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ ರೂಪಿಸಿದ, ಪೆಟ್ರೋಲ್ ಎಂಜಿನ್‌ನಿಂದ ಅಡಿಕೆ ಮರ ಏರುವ ಆಸನಯಂತ್ರವು 2019ರಲ್ಲಿ ದೇಶದ ಗಮನ ಸೆಳೆಯಿತು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ತೆಂಗಿನ ಮರದ ಗೆಳೆಯರು ತರಬೇತಿ ಕಾರ್ಯಕ್ರಮದಲ್ಲಿ ಯುವಕ ಯುವತಿಯರಿಗೆ ಮರ ಏರುವ ಯಂತ್ರದ ಬಳಕೆಯನ್ನು ಕಲಿಸಲಾಯಿತು. ಮಂಡಳಿಯ ಕೇರ ಸುರಕ್ಷಾ ಯೋಜನೆಯು ತೆಂಗಿನ ಮರ ಏರುವವರಿಗೆ ಅಪಘಾತ ವಿಮೆ ಒದಗಿಸುತ್ತದೆ. ಇವು ತಾಳೆಯ ಜಾತಿಯ, ಕವಲಿಲ್ಲದ ನೇರ ಕಾಂಡದ ಮರಗಳಿಗೆ ಹೊಂದುವ ಯಂತ್ರಗಳು. ಬೇವು, ಆಲ, ಹುಣಸೆಯಂಥ ಕವಲೊಡೆದ ಮರಗಳಿಗೆ ಹಗ್ಗ ಮತ್ತು ಹಾರ್ನೆಸ್‌ನ ವಿಧಾನವೇ ಬೇಕಾಗುತ್ತದೆ.

ಮಾನಕಗಳು ಮತ್ತು ಕಾನೂನು

ಭಾರತೀಯ ಮಾನಕ ಬ್ಯೂರೋದ ಐಎಸ್ 3521 ಸೇಫ್ಟಿ ಬೆಲ್ಟ್ ಮತ್ತು ಹಾರ್ನೆಸ್‌ಗಳಿಗೂ, ಐಎಸ್ 2925 ಕೈಗಾರಿಕಾ ಹೆಲ್ಮೆಟ್‌ಗಳಿಗೂ ಸಂಬಂಧಿಸಿದ ಮಾನಕಗಳು. ಯುರೋಪಿನಲ್ಲಿ ಪೂರ್ಣದೇಹದ ಹಾರ್ನೆಸ್‌ಗೆ ಇಎನ್ 361, ಸ್ಥಾನ ಹಿಡಿಯುವ ಸಾಧನಗಳಿಗೆ ಇಎನ್ 358 ಅನ್ವಯಿಸುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಅರಣ್ಯ ಕೆಲಸದಲ್ಲಿನ ಸುರಕ್ಷತೆ ಮತ್ತು ಆರೋಗ್ಯ ಕುರಿತ ಸಂಹಿತೆಯನ್ನು 1998ರಲ್ಲಿ ಪ್ರಕಟಿಸಿದೆ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಪಡೆಯುವುದನ್ನು ಕುರಿತದ್ದು. ಅದರ ಉದ್ದೇಶ ಮರದ ರಕ್ಷಣೆ. ಕಾರ್ಮಿಕರ ಸುರಕ್ಷತೆಯ ವಿಷಯ ಬರುವುದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರಲ್ಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಈ ಸಂಹಿತೆಯು ಅಪಾಯರಹಿತ ಕೆಲಸದ ಸ್ಥಳವನ್ನು ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ. ಆದರೆ ಇದು ಸಾಮಾನ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಹಳ್ಳಿಗಳಲ್ಲಿ ಮರ ಇಳಿಸುವ ಮೂರು ನಾಲ್ಕು ಜನರ ತಂಡಗಳು ಬಹುತೇಕ ಈ ಮಿತಿಯ ಹೊರಗೇ ಉಳಿಯುತ್ತವೆ. ಅಂಥ ತಂಡಗಳಲ್ಲಿ ಹಾರ್ನೆಸ್ ಕೊಳ್ಳುವ, ತಪಾಸಣೆ ಮಾಡುವ ಮತ್ತು ಅಪಾಯದ ಮರವನ್ನು ಏರಲು ನಿರಾಕರಿಸುವ ನಿರ್ಧಾರಗಳೆಲ್ಲ ಕೆಲಸ ಕೊಡುವ ಮರದ ಒಡೆಯ, ಗುತ್ತಿಗೆದಾರ ಮತ್ತು ಏರುವವನ ನಡುವಿನ ಒಪ್ಪಂದಕ್ಕೇ ಬಿಟ್ಟಿವೆ.